ಬೂದಿಯ ತಿಳಿ, ಬೂದಿಯ ಗಸಿ

ಸೌದೆ ಒಲೆ ಉರಿಯುತ್ತಿದ್ದ ಕಾಲದಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳ್ಳಿಮನೆಗಳಲ್ಲಿ ಬೂದಿಯನ್ನು ಕಸವೆಂದು ಎಸೆಯುತ್ತಿರಲಿಲ್ಲ. ಬೆಳಿಗ್ಗೆ ಒಲೆಯಿಂದ ತೋಡಿದ ಬೂದಿ ಮೊದಲು ಪಾತ್ರೆ ಉಜ್ಜುವ ಜಾಗಕ್ಕೆ ಹೋಗುತ್ತಿತ್ತು. ಒಂದಷ್ಟು ಹಲ್ಲುಜ್ಜಲು, ಒಂದಷ್ಟು ಅವರೆ-ಹುರುಳಿ ಬಿತ್ತನೆ ಕಾಳಿನ ಮಡಕೆಗೆ, ಒಂದಷ್ಟು ಹೇನು ಹತ್ತಿದ ಸೊಪ್ಪಿನ ಮಡಿಗೆ, ಮಿಕ್ಕಿದ್ದು ತಿಪ್ಪೆಗೆ. ಮಗುವಿಗೆ ಜ್ವರ ಬಂದರೆ, ದೃಷ್ಟಿ ತಾಗಿತೆಂದರೆ ಹಣೆಗೆ ಇಡುತ್ತಿದ್ದುದೂ ಬೂದಿಯೇ. ಮಹದೇಶ್ವರನ ಒಕ್ಕಲಿನವರಿಗೆ ಬೆಟ್ಟದ ವಿಭೂತಿ, ಮಂಟೇಸ್ವಾಮಿ-ಸಿದ್ದಪ್ಪಾಜಿ ಒಕ್ಕಲಿನವರಿಗೆ ಕಪ್ಪು ಧೂಳತ. ತೊಳೆಯುವುದಕ್ಕೂ ಬೂದಿ, ವಾಸಿ ಮಾಡುವುದಕ್ಕೂ ಬೂದಿ.

ಈಗ ಬೂದಿಯ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಬೂದಿ ಎಲ್ಲ ರೋಗಕ್ಕೂ ಮದ್ದು, ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಮೊಬೈಲಿನಲ್ಲಿ ಹರಿದಾಡುವ ಮಾತು ಒಂದು. ಇದೆಲ್ಲ ಬರೀ ಮೌಢ್ಯ ಎಂದು ತಳ್ಳಿಹಾಕುವ ಮಾತು ಇನ್ನೊಂದು. ಎರಡೂ ಅವಸರದ ಮಾತುಗಳು. ಬೂದಿ ಎನ್ನುವುದು ಒಂದೇ ವಸ್ತುವಲ್ಲ. ನೀರಿಗೆ ಹಾಕಿದ ಕೂಡಲೇ ಅದು ಎರಡಾಗುತ್ತದೆ: ನೀರಿನಲ್ಲಿ ಕರಗಿ ಮೇಲೆ ನಿಲ್ಲುವ ತಿಳಿ, ಕರಗದೆ ತಳಕ್ಕಿಳಿಯುವ ಗಸಿ. ಇವೆರಡರ ಗುಣ ಬೇರೆ, ಕೆಲಸ ಬೇರೆ. ನಮ್ಮವರು ಯಾವುದಕ್ಕೆ ತಿಳಿ ಬಳಸಿದರು, ಯಾವುದಕ್ಕೆ ಗಸಿ ಬಳಸಿದರು ಎಂದು ನೋಡುತ್ತಾ ಹೋದರೆ, ಎಲ್ಲಿ ಸರಿಯಿದ್ದರು, ಎಲ್ಲಿ ಎಡವಿದರು ಎಂಬುದು ತಾನಾಗಿ ತಿಳಿಯುತ್ತದೆ.

ಸೌದೆ ಉರಿಯುವಾಗ ಅದರೊಳಗಿನ ಇಂಗಾಲ, ಜಲಜನಕ, ಸಾರಜನಕ ಹೊಗೆಯಾಗಿ, ಆವಿಯಾಗಿ ಗಾಳಿಗೆ ಸೇರುತ್ತವೆ. ಗಿಡ ತನ್ನ ಬೇರಿನ ಮೂಲಕ ಮಣ್ಣಿನಿಂದ ಹೀರಿಕೊಂಡ ಖನಿಜ ಮಾತ್ರ ಒಲೆಯಲ್ಲಿ ಉಳಿಯುತ್ತದೆ. ಅದೇ ಬೂದಿ. ನೂರು ಕಿಲೋ ಒಣ ಸೌದೆ ಸುಟ್ಟರೆ ಸಿಗುವ ಬೂದಿ ಸುಮಾರು ಒಂದು ಕಿಲೋ. ಭತ್ತದ ಹೊಟ್ಟಾದರೆ ನೂರಕ್ಕೆ ಇಪ್ಪತ್ತು ಕಿಲೋ. ಮರದ ಬೂದಿಯಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಸ್ತು. ಅದರ ಜೊತೆಗೆ ನೂರಕ್ಕೆ ಹತ್ತರ ಒಳಗೆ ಪೊಟ್ಯಾಸಿಯಂ ಲವಣಗಳು, ಸ್ವಲ್ಪ ಮೆಗ್ನೀಸಿಯಂ, ರಂಜಕ. ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ, ಅಂದರೆ ಮರಳಿನ ವಸ್ತು. ಹುಲ್ಲು ತಿನ್ನುವ ದನದ ಸಗಣಿಯ ಬೂದಿಯಲ್ಲೂ ಸಿಲಿಕಾ ಹೆಚ್ಚು. ಬಾಳೆಯ ದಿಂಡು, ಉತ್ತರಾಣಿ ಗಿಡ ಇವುಗಳ ಬೂದಿಯಲ್ಲಿ ಪೊಟ್ಯಾಸಿಯಂ ಹೇರಳ. ಯಾವ ಸೌದೆ ಎಂಬುದರ ಮೇಲೆಯೇ ಬೂದಿಯ ಗುಣ ನಿಲ್ಲುತ್ತದೆ.

ಇವುಗಳಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಸಿಲಿಕಾ ಕರಗುವುದಿಲ್ಲ. ಹಾಗಾಗಿ ಬೂದಿ ನೆನೆಸಿಟ್ಟ ಪಾತ್ರೆಯ ತಿಳಿಯನ್ನು ಬೆರಳಲ್ಲಿ ತೀಡಿದರೆ ಸಾಬೂನಿನಂತೆ ಜಾರುತ್ತದೆ, ಗೀರಿದ ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಅದು ಕ್ಷಾರ, ಅದರ ಪಿಎಚ್ ಮಟ್ಟ 10ರ ಮೇಲೆ. ತಳದ ಗಸಿಗೆ ಆ ಉರಿ ಇಲ್ಲ. ಅದು ಉಜ್ಜುತ್ತದೆ, ಪಸೆ ಹೀರುತ್ತದೆ.

ಇದನ್ನು ನೋಡಲು ಪ್ರಯೋಗಾಲಯ ಬೇಡ. ಈ ಸೀಮೆಯ ಮುಖ್ಯ ಬೆಳೆಗಳಲ್ಲಿ ಒಂದಾದ ಅರಿಸಿನವೇ ಸಾಕು. ಬರೀ ಸೌದೆ ಉರಿಸಿದ ಒಲೆಯ ಬೂದಿ ಒಂದು ಹಿಡಿ ತೆಗೆದು, ಸ್ಟೀಲ್ ಲೋಟದ ಬಿಸಿನೀರಿನಲ್ಲಿ ಕದಡಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಿಳಿಯನ್ನು ಬೇರೆ ಲೋಟಕ್ಕೆ ಬಸಿದು ಒಂದು ಚಿಟಿಕೆ ಅರಿಸಿನ ಹಾಕಿ. ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಓಕುಳಿ ನೀರು ಸುಣ್ಣದಿಂದ ಕೆಂಪಾಗುವುದೂ ಇದೇ ಕಾರಣಕ್ಕೆ. ಈಗ ಅದಕ್ಕೆ ನಿಂಬೆರಸ ಹಿಂಡಿ. ಸಣ್ಣಗೆ ಗುಳ್ಳೆ ಏಳುತ್ತದೆ, ಅದು ಕಾರ್ಬೊನೇಟಿನಿಂದ ಬಿಡುಗಡೆಯಾದ ಇಂಗಾಲದ ಡೈ ಆಕ್ಸೈಡ್. ಹಿಂಡುತ್ತಾ ಹೋದರೆ ನೀರು ಮತ್ತೆ ಹಳದಿಯಾಗುತ್ತದೆ. ಮೊದಲ ಲೋಟದ ಗಸಿಗೆ ಹೊಸ ನೀರು ಹಾಕಿ, ಕದಡಿ, ತಿಳಿ ಬಸಿದು ಮತ್ತೆ ಅರಿಸಿನ ಹಾಕಿ ನೋಡಿ. ತೊಳೆತ ಹೆಚ್ಚಿದಷ್ಟೂ ಕೆಂಪು ಕಡಿಮೆಯಾಗುತ್ತಾ ಬರುತ್ತದೆ. ಬೂದಿಯ ಉರಿ ನೀರಿನೊಂದಿಗೆ ಹೊರಟುಹೋಯಿತು, ಉಳಿದದ್ದು ಸಾಧು ಪುಡಿ ಎಂದು ಅರ್ಥ.

ಪಾತ್ರೆ ಉಜ್ಜುವಾಗ ತಿಳಿ-ಗಸಿ ಎರಡೂ ಒಟ್ಟಿಗೆ ದುಡಿಯುತ್ತವೆ. ಒದ್ದೆ ತೆಂಗಿನ ನಾರಿಗೆ ಬೂದಿ ಅದ್ದಿ ಜಿಡ್ಡಿನ ಪಾತ್ರೆಗೆ ಹಾಕಿದರೆ ಕರಗಿದ ಕ್ಷಾರ ಎಣ್ಣೆಯೊಳಗಿನ ಕೊಬ್ಬಿನ ಆಮ್ಲಗಳ ಜೊತೆ ಸೇರಿ ಅಲ್ಲೇ ಒಂದಿಷ್ಟು ಸಾಬೂನನ್ನು ಹುಟ್ಟಿಸುತ್ತದೆ. ಆ ಸಾಬೂನು ಜಿಡ್ಡನ್ನು ನೀರಿಗೆ ಬಿಡಿಸುತ್ತದೆ, ಗಸಿ ಹತ್ತಿದ್ದನ್ನು ಕೆರೆಯುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗೆ ಮೊದಲು ಹುಣಸೆಹಣ್ಣು, ಆಮೇಲೆ ಬೂದಿ ಎಂಬ ಕ್ರಮಕ್ಕೂ ಕಾರಣವಿದೆ. ಲೋಹದ ಮೇಲಿನ ಕಿಲುಬನ್ನು ಕರಗಿಸುವುದು ಹುಣಸೆಯ ಟಾರ್ಟಾರಿಕ್ ಆಮ್ಲ. ಉಳಿದ ಹುಳಿಯನ್ನು ಬೂದಿಯ ಕ್ಷಾರ ಕಳೆಯುತ್ತದೆ, ಅದರ ನುಣುಪು ಪುಡಿ ಹೊಳಪು ಕೊಡುತ್ತದೆ. ಎರಡನ್ನೂ ಮೊದಲೇ ಒಟ್ಟಿಗೆ ಕಲಸಿದರೆ ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಬರೀ ಉಜ್ಜುವ ಪುಡಿ ಉಳಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೂದಿ ಸಲ್ಲದು, ಕ್ಷಾರ ಆ ಲೋಹವನ್ನೇ ತಿನ್ನುತ್ತದೆ.

ಬಟ್ಟೆಯ ಕೆಲಸಕ್ಕೆ ಬೇಕಾದದ್ದು ತಿಳಿ ಮಾತ್ರ. ಗಸಿ ಬಿದ್ದರೆ ಬಟ್ಟೆ ಮಾಸುತ್ತದೆ, ಎಳೆ ಸವೆಯುತ್ತದೆ. ಮಡಿವಾಳರು ಉಬ್ಬೆ ಹಾಕುವಾಗ ಬಟ್ಟೆಯನ್ನು ಕ್ಷಾರದ ನೀರಿನಲ್ಲಿ ಅದ್ದಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಬೂದಿಯ ತಿಳಿಯ ಜೊತೆಗೆ ಅವರಿಗೆ ಸೌಳು ಮಣ್ಣೂ ಇತ್ತು. ಒಣ ಸೀಮೆಯ ತಗ್ಗು ನೆಲದಲ್ಲಿ ಬೇಸಿಗೆಯಲ್ಲಿ ಬಿಳಿಯಾಗಿ ಹೊಮ್ಮುವ ಆ ಪುಡಿಯಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ದಾಖಲೆಯಲ್ಲಿ ಈ ಸೌಳನ್ನು ಅದೇ ಹೆಸರಿನಿಂದ ಬರೆದಿದ್ದಾನೆ.

ಕೊಳ್ಳೇಗಾಲ ರೇಷ್ಮೆಯ ಊರು. ಕ್ಷಾರದ ಕಥೆ ಇಲ್ಲಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆ ಒರಟು, ಹೊಳಪಿಲ್ಲ. ಅದರ ತೂಕದ ಸುಮಾರು ಕಾಲು ಪಾಲು ಸೆರಿಸಿನ್ ಎಂಬ ಅಂಟು, ಒಳಗಿರುವುದು ಫೈಬ್ರೊಯಿನ್ ಎಂಬ ನಿಜವಾದ ಎಳೆ. ಮೆದುವಾದ ಕ್ಷಾರವಿರುವ ಬಿಸಿನೀರಿನಲ್ಲಿ ಬೇಯಿಸಿದರೆ ಅಂಟು ಕರಗಿ ಎಳೆ ಹೊಳೆಯುತ್ತದೆ. ಇಂದು ಇದಕ್ಕೆ ಸಾಬೂನು ಮತ್ತು ಸೋಡಾ ಬಳಸುತ್ತಾರೆ. ಕ್ಷಾರ ಸ್ವಲ್ಪ ಜೋರಾದರೂ ಅಂಟಿನ ಜೊತೆಗೆ ಎಳೆಯೂ ಕೆಡುತ್ತದೆ. ರೇಷ್ಮೆ ಸೀರೆಯನ್ನು ಬೂದಿನೀರಿಗೂ ಸೋಡಾಕ್ಕೂ ಹಾಕದೆ ಅಂಟುವಾಳದ ನೊರೆಯಲ್ಲಿ ತೊಳೆಯಬೇಕೆಂದು ಹಿಂದಿನ ಹೆಂಗಸರು ಹೇಳುತ್ತಿದ್ದುದು ಇದಕ್ಕೇ. ಅಂಟುವಾಳ, ಸೀಗೆಕಾಯಿಗಳಲ್ಲಿ ಇರುವುದು ಸಪೋನಿನ್. ಕ್ಷಾರದ ನೆರವಿಲ್ಲದೆಯೇ ನೊರೆ ಬರುತ್ತದೆ, ಕೊಳೆ ಬಿಡುತ್ತದೆ, ಎಳೆಗೂ ಕೂದಲಿಗೂ ಪೆಟ್ಟಾಗುವುದಿಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಈ ಕಾಯಿಗಳನ್ನು ಆಯ್ದು ತಂದು ತಮ್ಮ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಮಾರಿದವರು. ಪಾತ್ರೆಗೆ ಬೂದಿ, ತಲೆಗೆ ಸೀಗೆ, ರೇಷ್ಮೆಗೆ ಅಂಟುವಾಳ ಎಂಬ ವಿಂಗಡಣೆಯಲ್ಲಿ ಎಷ್ಟು ಕ್ಷಾರವನ್ನು ಯಾವುದು ತಡೆಯುತ್ತದೆ ಎಂಬ ಲೆಕ್ಕ ಅಡಗಿದೆ.

ತಿಳಿಯನ್ನು ಕುದಿಸಿ ಬತ್ತಿಸಿದರೆ ಉಳಿಯುವ ಬಿಳಿ ಉಪ್ಪು ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಸರಕಾಗಿತ್ತು. ಗಾಜು, ಸಾಬೂನು, ಬಟ್ಟೆ, ಸಿಡಿಮದ್ದು ಎಲ್ಲಕ್ಕೂ ಅದು ಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ಮೊಟ್ಟಮೊದಲ ಪೇಟೆಂಟ್ 1790ರ ಜುಲೈ 31ರಂದು ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತನಿಗೆ ಸಿಕ್ಕಿದ್ದು ಮರದ ಬೂದಿಯಿಂದ ಈ ಉಪ್ಪು ತೆಗೆಯುವ ಸುಧಾರಿತ ವಿಧಾನಕ್ಕೆ. ಮರುವರ್ಷವೇ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ ಅಡುಗೆ ಉಪ್ಪಿನಿಂದ ಸೋಡಾ ಮಾಡುವ ದಾರಿಗೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಕಾಡು ಸುಡದೆಯೂ ಕ್ಷಾರ ಸಿಗುವಂತಾಯಿತು. ಕಾರ್ಖಾನೆಯ ಸಾಬೂನು ಅಗ್ಗವಾಗಿ ನಮ್ಮ ಹಳ್ಳಿ ಅಂಗಡಿಗೂ ಬಂದದ್ದು ಆ ಬದಲಾವಣೆಯ ಫಲ.

ಇನ್ನು ಗಸಿಯ ಕಡೆಗೆ ಬರೋಣ. ಶಾಸ್ತ್ರೋಕ್ತವಾಗಿ ವಿಭೂತಿ ಮಾಡುವವರು ಬೆರಣಿಯನ್ನು ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ನೀರಿನಲ್ಲಿ ಕದಡಿ, ಗಸಿ ಕೂತ ಮೇಲೆ ತಿಳಿಯನ್ನು ಚೆಲ್ಲುತ್ತಾರೆ. ಹೀಗೆ ಮತ್ತೆ ಮತ್ತೆ ತೊಳೆದು ಉಳಿದ ನುಣುಪು ಗಸಿಯನ್ನು ಗಟ್ಟಿ ಮಾಡಿ ಒಣಗಿಸುತ್ತಾರೆ. ಬಾದಾಮಿ ಬಳಿಯ ಶಿವಯೋಗಮಂದಿರದ ವಿಭೂತಿ ನಾಡಿನಲ್ಲೆಲ್ಲ ಹೆಸರಾದದ್ದು. ಮಡಿವಾಳ ಇಟ್ಟುಕೊಂಡ ತಿಳಿಯನ್ನು ವಿಭೂತಿ ಮಾಡುವವನು ಚೆಲ್ಲುತ್ತಾನೆ, ಮಡಿವಾಳ ಚೆಲ್ಲಿದ ಗಸಿಯನ್ನು ಇವನು ಇಟ್ಟುಕೊಳ್ಳುತ್ತಾನೆ. ಒಂದೇ ಬೂದಿಯ ಎರಡು ಪಾಲನ್ನು ಎರಡು ಕಸುಬುಗಳು ಹೀಗೆ ಹಂಚಿಕೊಂಡಿವೆ. ತೊಳೆದ ಗಸಿಯಲ್ಲಿ ಉರಿಸುವ ಕ್ಷಾರ ಬಹುಪಾಲು ಹೋಗಿರುವುದರಿಂದಲೇ ದಿನವೂ ಹಣೆಗೆ, ತೋಳಿಗೆ, ಎದೆಗೆ ಧರಿಸಿದರೂ ಚರ್ಮ ತಡೆಯುತ್ತದೆ. ಅದು ಬೆವರಿನ ಪಸೆಯನ್ನೂ ಹೀರುತ್ತದೆ. ಅದರ ರಸಾಯನ ಇಷ್ಟೇ. ಭಕ್ತನಿಗೆ ಅದರಿಂದ ಸಿಗುವ ಧೈರ್ಯ ರಸಾಯನಶಾಸ್ತ್ರದ ಲೆಕ್ಕಕ್ಕೆ ಬರುವಂಥದ್ದಲ್ಲ, ಅದನ್ನು ಕಡಿಮೆ ಮಾಡುವ ಉದ್ದೇಶವೂ ನನಗಿಲ್ಲ.

ಬೂದಿಯ ಬಣ್ಣವೂ ಒಂದು ಮಾಹಿತಿ. ಗಾಳಿ ಚೆನ್ನಾಗಿ ಆಡಿ ಪೂರಾ ಉರಿದರೆ ಇಂಗಾಲವೆಲ್ಲ ಹೋಗಿ ಬೂದಿ ಬೆಳ್ಳಗಾಗುತ್ತದೆ. ಗಾಳಿ ಸಾಲದೆ ಕುಮುಲಿದರೆ ಇಂಗಾಲ ಉಳಿದು ಕಪ್ಪಾಗುತ್ತದೆ. ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲ ಉರಿಯುವುದನ್ನು ಕಾದು ನೋಡುವ ಲಕ್ಷಾಂತರ ಒಕ್ಕಲಿಗೆ, ಕಂಡಾಯ ಹೊತ್ತು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿಗೆ, ಕಪ್ಪು ಧೂಳತ ಪವಿತ್ರ. ಬಿಳಿಯ ವಿಭೂತಿಯ ಎದುರು ಕರಿಯ ಧೂಳತವನ್ನು ತನ್ನ ಗುರುತಾಗಿ ಎತ್ತಿಹಿಡಿದ ಪರಂಪರೆ ಅದು. ಎಲ್ಲ ಜಾತಿಯ ಬಡವರ ಹಣೆಗೂ ಒಂದೇ ಧೂಳತ ಇಟ್ಟದ್ದು ಅದರ ನಿಜವಾದ ಹಿರಿಮೆ.

ಗಸಿಯ ಇನ್ನೊಂದು ಒಳ್ಳೆಯ ಕೆಲಸ ಬಿತ್ತನೆ ಕಾಳಿನ ಮಡಕೆಯಲ್ಲಿ ನಡೆಯುತ್ತಿತ್ತು. ನುಣುಪು ಬೂದಿ ಕಾಳುಗಳ ನಡುವಿನ ಸಂದು ತುಂಬಿ ಹುಳದ ಓಡಾಟ ತಡೆಯುತ್ತದೆ. ಅದರ ಚೂಪು ಕಣಗಳು ಹುಳದ ಮೈಮೇಲಿನ ಮೇಣದ ಪದರವನ್ನು ಗೀರುತ್ತವೆ, ಹುಳ ಮೈಯ ನೀರು ಕಳೆದುಕೊಂಡು ಸಾಯುತ್ತದೆ. ವಿಷವಿಲ್ಲದೆ ಬೀಜ ಉಳಿಸುವ ಈ ವಿಧಾನ ಇವತ್ತಿಗೂ ಬಳಸಲು ಯೋಗ್ಯ.

ವಾಸಿ ಮಾಡುವ ವಿಷಯಕ್ಕೆ ಬಂದಾಗ ಬೂದಿಯ ಜ್ಞಾನ ಅತಿ ಎತ್ತರಕ್ಕೆ ಏರಿದ್ದು ಸುಶ್ರುತ ಸಂಹಿತೆಯಲ್ಲಿ. ಅದರ ಸೂತ್ರಸ್ಥಾನದ ಒಂದು ಇಡೀ ಅಧ್ಯಾಯ ಕ್ಷಾರ ತಯಾರಿಸುವ ವಿಧಾನಕ್ಕೆ ಮೀಸಲು. ಅಲ್ಲಿ ಹೇಳಿದ ಮರಗಿಡಗಳಲ್ಲಿ ಮುತ್ತುಗ, ಕಕ್ಕೆ, ಎಕ್ಕ, ಕಳ್ಳಿ, ಹೊಂಗೆ, ಉತ್ತರಾಣಿ, ಬಾಳೆ ಎಲ್ಲ ಇವೆ. ಎಲ್ಲವೂ ಕೊಳ್ಳೇಗಾಲ-ಹನೂರಿನ ಬೇಲಿ, ಹೊಲ, ಗುಡ್ಡಗಳಲ್ಲಿ ಸಿಗುವಂಥವೇ. ಸುಣ್ಣದ ಕಲ್ಲಿನ ಜೊತೆ ಸುಟ್ಟು, ಬೂದಿಯನ್ನು ಆರು ಪಾಲು ನೀರಿನಲ್ಲಿ ಕಲಸಿ, 21 ಸಲ ಸೋಸಿ, ತಿಳಿಯನ್ನು ಕುದಿಸಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಮೃದು ಕ್ಷಾರ. ಸುಟ್ಟ ಸುಣ್ಣದ ಕಲ್ಲು, ಶಂಖ, ಚಿಪ್ಪುಗಳನ್ನು ಅದರಲ್ಲಿ ಅರೆದು ಹಾಕಿದರೆ ಕ್ಷಾರ ಬಲವಾಗುತ್ತದೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಬಾಯಿ ಮುಚ್ಚಿ ಇಡಬೇಕು.

ಇದರ ರಸಾಯನ ಹೀಗೆ. ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟ್ ಸುಣ್ಣದೊಡನೆ ಸೇರಿದಾಗ ಸುಣ್ಣ ಕಾರ್ಬೊನೇಟನ್ನು ಎಳೆದುಕೊಂಡು ತಳಕ್ಕಿಳಿಯುತ್ತದೆ. ನೀರಿನಲ್ಲಿ ಉಳಿಯುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಮಾಂಸವನ್ನೇ ಕರಗಿಸುವ ಕಟು ಕ್ಷಾರ. ಬಾಯಿ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಅದು ಮತ್ತೆ ಮೆತ್ತಗಾಗುತ್ತದೆ. ಮೃದು ಕ್ಷಾರಕ್ಕೂ ಕಟು ಕ್ಷಾರಕ್ಕೂ ಇರುವ ಈ ವ್ಯತ್ಯಾಸದ ಕಾರಣವನ್ನು ಯುರೋಪಿನಲ್ಲಿ ಜೋಸೆಫ್ ಬ್ಲ್ಯಾಕ್ ಪ್ರಯೋಗದಿಂದ ತೋರಿಸಿದ್ದು 1756ರಲ್ಲಿ. ಸುಶ್ರುತನಿಗೆ ಈ ಕಾರಣ ಗೊತ್ತಿರಲಿಲ್ಲ, ಆದರೆ ಮಾಡುವ ಕ್ರಮ ಖಚಿತವಾಗಿ ಗೊತ್ತಿತ್ತು. ಕ್ಷಾರ ಹೆಚ್ಚಾಗಿ ಸುಟ್ಟರೆ ಹುಳಿ ಹಚ್ಚಿ ಶಮನ ಮಾಡಬೇಕೆಂದೂ ಅವನು ಹೇಳಿದ್ದಾನೆ. ನಮ್ಮ ಲೋಟದಲ್ಲಿ ನಿಂಬೆರಸ ಮಾಡಿದ್ದು ಅದೇ ಕೆಲಸ. 1902ರಲ್ಲಿ ಹಿಂದೂ ರಸಾಯನಶಾಸ್ತ್ರದ ಇತಿಹಾಸ ಬರೆದ ಪ್ರಫುಲ್ಲಚಂದ್ರ ರಾಯ್ ಈ ಅಧ್ಯಾಯಕ್ಕೆ ವಿಶೇಷ ಬೆಲೆ ಕೊಟ್ಟರು.

ಈ ಜ್ಞಾನ ಇಂದಿಗೂ ಬದುಕಿದೆ. ಗುದದ ಭಗಂದರಕ್ಕೆ, ಅಂದರೆ ಫಿಸ್ಟುಲಾಕ್ಕೆ, ಆಯುರ್ವೇದ ಶಸ್ತ್ರವೈದ್ಯರು ಕಟ್ಟುವ ಕ್ಷಾರಸೂತ್ರ ಕಳ್ಳಿಹಾಲು, ಉತ್ತರಾಣಿ ಕ್ಷಾರ, ಅರಿಸಿನ ಲೇಪಿಸಿದ ದಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಆಸ್ಪತ್ರೆಗಳಲ್ಲಿ ಇದನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ದಾರದ ಚಿಕಿತ್ಸೆಯಲ್ಲಿ ಗಾಯ ಮಾಗಲು ಹೆಚ್ಚು ವಾರ ಹಿಡಿಯಿತು, ಆದರೆ ಒಂದು ವರ್ಷದೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 4 ಮಂದಿಗೆ. ಶಸ್ತ್ರಚಿಕಿತ್ಸೆಯಲ್ಲಿ ಅದು ನೂರಕ್ಕೆ 11. ಬೂದಿಯಿಂದ ಹುಟ್ಟಿದ ವಸ್ತು ಪರೀಕ್ಷೆಗೆ ನಿಂತು ಗೆದ್ದದ್ದು ಇಲ್ಲಿ. ಅದು ಒಲೆಯ ಬೂದಿಯಲ್ಲ, ಅಳತೆ ಮಾಡಿ ತಯಾರಿಸಿ ತರಬೇತಾದ ವೈದ್ಯರ ಕೈಗೆ ಕೊಟ್ಟ ಕ್ಷಾರ.

ಒಲೆಯ ಬೂದಿಯನ್ನು ನೇರವಾಗಿ ಗಾಯಕ್ಕೆ ಮೆತ್ತಿದ ಕಡೆ ನಮ್ಮವರು ಎಡವಿದರು. ಪುಡಿ ರಕ್ತವನ್ನು ಹೀರಿ ಹೆಪ್ಪುಗಟ್ಟಿದಂತೆ ಕಾಣುತ್ತದೆ, ಸೋರುವುದು ನಿಂತಂತೆ ಆಗುತ್ತದೆ. ಆದ್ದರಿಂದಲೇ ಅದು ಮದ್ದೆಂಬ ನಂಬಿಕೆ ಬೇರೂರಿತು. ಆದರೆ ತೊಳೆಯದ ಬೂದಿಯ ಕ್ಷಾರ ಹಸಿ ಮಾಂಸವನ್ನು ಸುಡುತ್ತದೆ. ಅಂಗಳದಲ್ಲಿ, ತಿಪ್ಪೆಯ ಪಕ್ಕದಲ್ಲಿ ಬಿದ್ದಿದ್ದ ಬೂದಿಗೆ ಮಣ್ಣು-ಸಗಣಿಯ ಧನುರ್ವಾಯು ಬೀಜಾಣು ಸೇರಿರುತ್ತದೆ. ಅದಕ್ಕೆ ಗಾಳಿಯಾಡದ ಗಾಯವೇ ಬೇಕು. ಬೂದಿ ಮೆತ್ತಿದ ಗಾಯ ಅಂಥದ್ದೇ. ಎಳೆಗೂಸಿನ ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚುವ ರೂಢಿ ಹಿಂದೆ ದೇಶದ ಅನೇಕ ಭಾಗಗಳಲ್ಲಿತ್ತು, ಅದರಿಂದ ಧನುರ್ವಾಯು ಹಿಡಿದು ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಬಸುರಿಯರಿಗೆ ಲಸಿಕೆ, ಆಸ್ಪತ್ರೆಯಲ್ಲಿ ಹೆರಿಗೆ, ಶುದ್ಧ ಹೊಕ್ಕುಳು ಆರೈಕೆ, ಈ ಮೂರರಿಂದ 2015ರಲ್ಲಿ ಭಾರತ ತಾಯಿ-ಶಿಶು ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು. ಆ ಗೆಲುವನ್ನು ಹಳೆಯ ರೂಢಿಯ ಹೆಸರಲ್ಲಿ ಕಳೆದುಕೊಳ್ಳಬಾರದು.

ಹಲ್ಲಿಗೂ ಬೂದಿ ಒಳ್ಳೆಯದಲ್ಲ. ಹೊಟ್ಟಿನ ಬೂದಿ, ಇದ್ದಿಲು, ಉಪ್ಪು ಕಲಸಿದ ಪುಡಿ ಹಲ್ಲನ್ನು ಬೆಳ್ಳಗೆ ಮಾಡುವುದು ನಿಜ. ಮಾಡುವುದು ಸಿಲಿಕಾದ ಉಜ್ಜುವಿಕೆಯಿಂದ. ಕೊಳೆಯ ಜೊತೆ ಹಲ್ಲಿನ ಎನಾಮಲ್ ಕೂಡ ಸವೆಯುತ್ತದೆ, ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಕೈ ತೊಳೆಯುವ ವಿಷಯ ಬೇರೆ. ಬಾಂಗ್ಲಾದೇಶದಲ್ಲಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಬೂದಿಯಿಂದ ಉಜ್ಜಿ ತೊಳೆದ ಕೈಯಲ್ಲಿ ಮಲದ ಬ್ಯಾಕ್ಟೀರಿಯಾ ಸಾಬೂನಿನಷ್ಟೇ ಕಡಿಮೆಯಾದದ್ದು ಕಂಡುಬಂತು. ಉಜ್ಜುವಿಕೆಯೂ ಕ್ಷಾರವೂ ಸೇರಿ ಆ ಕೆಲಸ ಮಾಡುತ್ತವೆ. ಆದರೆ 2020ರಲ್ಲಿ ಎಲ್ಲ ಅಧ್ಯಯನಗಳನ್ನು ಕಲೆಹಾಕಿ ನೋಡಿದ ಕಾಕ್ರೇನ್ ಪರಿಶೀಲನೆ, ಬೂದಿಯಿಂದ ರೋಗ ಹರಡುವುದು ಕಡಿಮೆಯಾಗುತ್ತದೆ ಎನ್ನಲು ಪುರಾವೆ ಗಟ್ಟಿಯಾಗಿಲ್ಲ ಎಂದಿತು. ಸಾಬೂನು ಇದ್ದರೆ ಸಾಬೂನು. ಇಲ್ಲದ ಹೊತ್ತಿನಲ್ಲಿ ಬರೀ ನೀರಿಗಿಂತ ಬೂದಿ ಮೇಲು.

ಹಿಂದಿನವರಿಗೆ ಇರದಿದ್ದ ಒಂದು ಅಪಾಯ ಈಗ ಸೇರಿದೆ. ಅಂದಿನ ಒಲೆಗೆ ಹೋಗುತ್ತಿದ್ದುದು ಸೌದೆ, ಸೀಗು, ಬೆರಣಿ. ಇಂದು ನೀರೊಲೆಗೆ ಪ್ಲಾಸ್ಟಿಕ್ ಚೀಲ, ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ ಚೂರು ಎಲ್ಲ ಬೀಳುತ್ತವೆ. ಬಣ್ಣದೊಳಗಿನ ಸೀಸದಂಥ ಲೋಹಗಳು ಸುಡುವುದರಿಂದ ನಾಶವಾಗುವುದಿಲ್ಲ, ಬೂದಿಯಲ್ಲೇ ಉಳಿಯುತ್ತವೆ. ಆ ಬೂದಿ ಪಾತ್ರೆಗೂ ಬೇಡ, ಕಾಳಿಗೂ ಬೇಡ, ಸೊಪ್ಪಿನ ಮಡಿಗೂ ಬೇಡ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅರಿಸಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುವುದೇಕೆ ಎಂಬ ಪಾಠವಿದೆ. ಈ ಮೂರು ತಾಲ್ಲೂಕುಗಳ ಪ್ರೌಢಶಾಲೆಯ ಶಿಕ್ಷಕರು ಆ ಪಾಠದ ದಿನ ಮಕ್ಕಳಿಗೆ ಮನೆಯಿಂದ ಒಂದು ಹಿಡಿ ಬೂದಿ ತರಲು ಹೇಳಲಿ. ಯಾವ ಮರದ್ದು, ಯಾವುದಕ್ಕೆ ಬಳಸುತ್ತಿದ್ದರು ಎಂದು ಅಜ್ಜಿಯನ್ನು ಕೇಳಿಕೊಂಡು ಬರಲಿ. ಗ್ಯಾಸ್ ಒಲೆ ಬಂದು ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು, ಅದು ಒಳ್ಳೆಯದೇ ಆಯಿತು. ಹಾಗೆಂದು ಬೂದಿಯ ತಿಳುವಳಿಕೆಯೂ ಒಲೆಯೊಂದಿಗೆ ಆರಿಹೋಗಬೇಕಿಲ್ಲ. ಒಲೆಯ ಬೂದಿ ತೊಳೆಯುವ ವಸ್ತು, ಬೀಜ ಕಾಯುವ ವಸ್ತು. ವಾಸಿ ಮಾಡುವ ವಸ್ತು ಅದಲ್ಲ. ಪಾತ್ರೆಗೆ ಹಚ್ಚಿ, ಕಾಳಿಗೆ ಬೆರೆಸಿ, ನಂಬಿಕೆಯಿದ್ದರೆ ವಿಭೂತಿಯನ್ನೋ ಧೂಳತವನ್ನೋ ಹಣೆಗೆ ಧರಿಸಿ. ಗಾಯಕ್ಕೆ, ಕಣ್ಣಿಗೆ, ಕೂಸಿನ ಹೊಕ್ಕುಳಿಗೆ ಮಾತ್ರ ಯಾವ ಬೂದಿಯನ್ನೂ ತಾಗಿಸಬೇಡಿ.